ಬೆಳಗ್ಗೆ ಬಿಗಿ, ಮಧ್ಯಾಹ್ನ ಸಡಿಲ: ಕೀಲು ನೋವಿನ ಕೈಗೆ ಸೈಕಲ್ ಗೇರ್ ಹೊಂದಿಸುವ ಕೈಪಿಡಿ

ಡಿಸೆಂಬರ್ ಮೊದಲ ವಾರ ಅತ್ತೆ ಫೋನ್ ಮಾಡಿದರು. "ಗೇರ್ ಬೀಳ್ತಾನೇ ಇಲ್ಲ ಕಣೋ. ಕೆಟ್ಟಿರೋದು ಕೈಯೋ, ಸೈಕಲ್ಲೋ, ಅದೇ ಗೊತ್ತಾಗ್ತಿಲ್ಲ."

ಅತ್ತೆ ಅಂದರೆ ಅಪ್ಪನ ತಂಗಿ. 64 ವರ್ಷ. ಮೈಸೂರಿನಲ್ಲಿ ಗಣಿತದ ಟೀಚರ್ ಆಗಿದ್ದು ನಿವೃತ್ತರಾದವರು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಎಂದು ಡಾಕ್ಟರ್ ಹೇಳಿ ಎರಡು ವರ್ಷವಾಯಿತು. ಆದರೂ ಬೆಳಗ್ಗೆ ಆರಕ್ಕೆ ಸೈಕಲ್ ಹತ್ತುವುದನ್ನು ಬಿಟ್ಟಿಲ್ಲ. ಸೈಕಲ್ 21 ಗೇರಿನದು. ಮುಂದೆ ಮೂರು ಚೈನ್‌ವೀಲ್, ಹಿಂದೆ ಏಳು ಹಲ್ಲುಚಕ್ರ. ಹ್ಯಾಂಡಲ್ ಕೆಳಗೆ ಹೆಬ್ಬೆರಳಿನಿಂದ ಒತ್ತುವ ಲಿವರ್.

ಅಂಗಡಿಗೆ ಒಯ್ದಿದ್ದರಂತೆ. "ವಯಸ್ಸಾಯ್ತಲ್ಲ ಮೇಡಂ, ಬ್ಯಾಟರಿ ಸೈಕಲ್ ತಗೊಂಡುಬಿಡಿ" ಅಂದರಂತೆ. ಸೈಕಲ್ ಮುಟ್ಟಿಯೂ ನೋಡಿಲ್ಲ. ಕೈ ನೋವಿದೆ ಎಂದು ಗೊತ್ತಾದ ತಕ್ಷಣ ಎಲ್ಲ ತಪ್ಪನ್ನೂ ಕೈ ಮೇಲೆ ಹಾಕಿಬಿಡುವುದು ಸುಲಭ, ಅಲ್ವಾ? ನಾನೂ ಮೊದಲು ಅದನ್ನೇ ಮಾಡಿದೆ. ಬೇರೆ ಶಿಫ್ಟರ್, ಅಂದರೆ ಗೇರ್ ಬದಲಿಸುವ ಲಿವರ್, ತಂದು ಹಾಕಿದರಾಯಿತು ಎಂದುಕೊಂಡೆ. ಹಾಗೆ ಮಾಡಿದ್ದರೆ ದುಡ್ಡು ದಂಡವಾಗುತ್ತಿತ್ತು, ಹೊಸ ಶಿಫ್ಟರೂ ಹಾಗೇ ಬಿಗಿಯಾಗಿರುತ್ತಿತ್ತು.

ಉಳಿಸಿದ್ದು ಅತ್ತೆ ಹೇಳಿದ ಒಂದು ಮಾತು. "ಬೆಳಗ್ಗೆ ತುಂಬಾ ಬಿಗಿ. ಮಧ್ಯಾಹ್ನ ಹೊರಟರೆ ಪರವಾಗಿಲ್ಲ."

ಕೀಲು ನೋವಿನವರ ಕೈ ಬೆಳಗ್ಗೆ ಬಿಗಿಯಾಗಿರುತ್ತದೆ, ಆಮೇಲೆ ಸಡಿಲವಾಗುತ್ತದೆ. ಹಾಗಾಗಿ ಇದು ಕೈಯ ತಪ್ಪೇ ಎಂದು ನಂಬುವುದಕ್ಕೆ ಒಳ್ಳೆ ಕಾರಣವೇ ಇತ್ತು. ಆದರೆ ಮಾರನೇ ದಿನ ಬೆಳಗ್ಗೆ ಆರಕ್ಕೆ ಅದೇ ಸೈಕಲ್ ಲಿವರ್ ಅನ್ನು ನಾನು ಒತ್ತಿದೆ. ನನಗೆ 38. ಕೈಗೆ ಏನೂ ಆಗಿಲ್ಲ. ಆದರೂ ಹೆಬ್ಬೆರಳು ಬಿಳುಚಿಕೊಳ್ಳುವಷ್ಟು ಜೋರು ಬೇಕಾಯಿತು. ಮಧ್ಯಾಹ್ನ ಒಂದು ಗಂಟೆಗೆ, ಬಿಸಿಲಲ್ಲಿ ನಿಂತ ಅದೇ ಸೈಕಲ್ ಅನ್ನು ಒತ್ತಿದೆ. ಸಲೀಸು.

ಅಂದರೆ ಬೆಳಗ್ಗೆ ಬಿಗಿಯಾಗುವುದು ಕೈ ಒಂದೇ ಅಲ್ಲ. ಸೈಕಲ್ಲೂ ಬೆಳಗ್ಗೆ ಬಿಗಿಯಾಗುತ್ತಿತ್ತು.

ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಹುಡುಕುವ ದಾರಿ. ಇದರಲ್ಲಿ ಮೂರು ಪ್ರಶ್ನೆ ಇವೆ. ನೋವು ಗೇರ್ ಹಾಕುವುದರಿಂದಲೇ ಬರುತ್ತಿದೆಯಾ? ಕೈಯ ಯಾವ ಚಲನೆ ನೋಯಿಸುತ್ತಿದೆ? ಸೈಕಲ್ ಬೇಕಾದ್ದಕ್ಕಿಂತ ಜಾಸ್ತಿ ಬಲ ಕೇಳುತ್ತಿದೆಯಾ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಏನನ್ನೂ ಕೊಳ್ಳಬೇಡಿ.

ಮೊದಲು: ಒಂದು ದಿನ ಗೇರ್ ಮುಟ್ಟದೆ ಓಡಿಸಿ

ಮುಂದೆ ನಡುವಿನ ಚೈನ್‌ವೀಲ್, ಹಿಂದೆ ನಾಲ್ಕನೇ ಗೇರ್ ಹಾಕಿ. ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಗೇರ್ ಲಿವರ್ ಮುಟ್ಟಲೇಬೇಡಿ. ಇಳಿದ ಮೇಲೆ ಕೈ ಎಂದಿನಷ್ಟೇ ನೋಯುತ್ತಿದ್ದರೆ ಗೇರ್ ನಿರಪರಾಧಿ. ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತಿದೆ ಎಂದರ್ಥ.

ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಕೈ ಅದನ್ನು ತಡೆಯುತ್ತಲೇ ಇರಬೇಕಾಗುತ್ತದೆ. ಸೀಟನ್ನು ಮಟ್ಟಸ ಮಾಡಿ. ಹ್ಯಾಂಡಲ್ ಸೀಟಿಗಿಂತ ಕೆಳಗಿದ್ದರೆ ಏರಿಸಿ. ಟೈರಿಗೆ ಕಲ್ಲಿನಂತೆ ಗಾಳಿ ಹೊಡೆಸಿದ್ದರೆ ಸ್ವಲ್ಪ ಇಳಿಸಿ. ಟೈರಿನ ಪಕ್ಕದಲ್ಲೇ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಬರೆದಿರುತ್ತದೆ. ಆ ಎರಡರ ನಡುವೆ ಇರಲಿ. ಮಣಿಕಟ್ಟು ಮೇಲಕ್ಕೆ ಮುರಿದಂತೆ ಬಾಗಿದೆಯೇ ನೋಡಿ. ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಒಂದೇ ಗೆರೆ ಇರಬೇಕು.

ನೋವಿಗಿಂತ ಜೋಮು ಜಾಸ್ತಿ ಇದ್ದರೆ ಅದು ಬೇರೆಯೇ ಜಾತಿ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈ ಅಂಚಿನ ನರ ಹ್ಯಾಂಡಲ್‌ಗೆ ಒತ್ತಿರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ನಡುವಿನ ನರ. ಗೇರ್ ಬದಲಿಸಿದರೆ ಇವು ವಾಸಿಯಾಗುವುದಿಲ್ಲ. ಡಾಕ್ಟರಿಗೆ ತೋರಿಸಿ. ಹಾಗೇ ಎರಡೂ ಕೈಯ ಗೆಣ್ಣುಗಳು ಊದಿಕೊಂಡು, ಬೆಳಗಿನ ಬಿಗಿತ ಗಂಟೆ ಕಳೆದರೂ ಬಿಡದಿದ್ದರೆ, ಅಥವಾ ಒಂದು ಕೀಲು ಕೆಂಪಾಗಿ ಬಿಸಿಯಾಗಿದ್ದರೆ, ಅಲೆನ್ ಕೀ ಕೆಳಗಿಡಿ. ಮೊದಲು ವೈದ್ಯರು, ಆಮೇಲೆ ಸೈಕಲ್.

ಇನ್ನೊಂದು ಮಾತು. ನಮ್ಮ ಕಡೆ ಕೈ ಗಂಟು ನೋವೆಲ್ಲ ವಯಸ್ಸಿನದ್ದೇ ಆಗಿರಬೇಕಿಲ್ಲ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಎಷ್ಟೋ ಜನ ತಿಂಗಳುಗಟ್ಟಲೆ ಲೋಟ ಎತ್ತಲಾಗದೆ ಒದ್ದಾಡಿದ್ದು ನೆನಪಿರಬಹುದು. ಈಗಲೂ ಆ ಜ್ವರ ಬಂದು ಹೋದವರಿಗೆ ಕೀಲು ನೋವು ಉಳಿದುಕೊಳ್ಳುತ್ತದೆ. ಅಂಥವರಿಗೆ ನೋವು ನಿಧಾನವಾಗಿ ಇಳಿಯುವ ಸಾಧ್ಯತೆ ಇದೆ. ಸೈಕಲ್ಲಿಗೆ ಜಾಸ್ತಿ ಖರ್ಚು ಮಾಡುವ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ: ಅಡುಗೆಮನೆಯಲ್ಲಿ ಪರೀಕ್ಷೆ

ಯಾವ ಶಿಫ್ಟರ್ ಒಳ್ಳೆಯದು ಎಂದು ಕೇಳಿದರೆ ಎಲ್ಲರೂ ಹೇಳುವುದು "ಟ್ವಿಸ್ಟ್ ಶಿಫ್ಟರ್ ಹಾಕಿಸಿ, ಬೈಕಿನ ಎಕ್ಸಲೇಟರ್ ತರ ತಿರುಗಿಸಿದರಾಯಿತು" ಎಂದು. ಕೆಲವರಿಗೆ ಅದು ಸರಿ. ಉಳಿದವರಿಗೆ ನರಕ. ಯಾರಿಗೆ ಯಾವುದು ಎಂದು ಹೇಳುವುದು ರೋಗದ ಹೆಸರಲ್ಲ, ಕೈಯ ಚಲನೆ. ಅದನ್ನು ನೋಡಲು ಸೈಕಲ್ ಬೇಕಿಲ್ಲ.

ಗ್ಯಾಸ್ ಲೈಟರ್ ತೆಗೆದುಕೊಳ್ಳಿ. ಹೆಬ್ಬೆರಳಿನಿಂದ ಹತ್ತು ಸಲ ಒತ್ತಿ. ಹೆಬ್ಬೆರಳಿನ ಬುಡದಲ್ಲಿ ಚುಳುಕ್ ಎಂದರೆ, ಹ್ಯಾಂಡಲ್ ಕೆಳಗಿನ ಒತ್ತು ಲಿವರ್ ನಿಮ್ಮದಲ್ಲ. ಎರಡೂ ಒಂದೇ ಚಲನೆ.

ಒದ್ದೆ ಬಟ್ಟೆ ಹಿಂಡಿ. ಮುಷ್ಟಿ ಬಿಗಿದು ಮಣಿಕಟ್ಟು ತಿರುಗಿಸುವ ಈ ಚಲನೆಯೇ ಟ್ವಿಸ್ಟ್ ಶಿಫ್ಟರ್. ಹಿಂಡುವಾಗ ನೋವಾದರೆ ಅಥವಾ ಬಟ್ಟೆ ಜಾರಿದರೆ ಟ್ವಿಸ್ಟ್ ಬೇಡ.

ಬೀಗದ ಕೈ ತಿರುಗಿಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿರುಗಿಸಲು ಆಗದಿದ್ದರೆ, ಸಣ್ಣ ಲಿವರ್ ಚಿವುಟಿ ಎಳೆಯಬೇಕಾದ ಯಾವುದೂ ಆಗಿಬರುವುದಿಲ್ಲ.

ಚಪಾತಿ ಹಿಟ್ಟು ನಾದಿ. ಅಂಗೈ ಬುಡದಿಂದ ಒತ್ತಲು ಆಗುತ್ತದೆ ಎಂದರೆ ಹ್ಯಾಂಡಲ್ ಮೇಲೆ ಕೂರುವ ಹಳೇ ಕಾಲದ ಉದ್ದ ಲಿವರ್ ನಿಮಗೆ ಒಗ್ಗಬಹುದು. ಅದನ್ನು ಬೆರಳಿನಿಂದಲೇ ತಳ್ಳಬೇಕೆಂದಿಲ್ಲ. ಅಂಗೈ ಅಂಚು ಸಾಕು.

ಟಿವಿ ರಿಮೋಟ್ ಒತ್ತುವುದಷ್ಟೇ ಸಾಧ್ಯ ಎಂದರೆ ಕೊನೆಯ ದಾರಿ ಎಲೆಕ್ಟ್ರಾನಿಕ್ ಗೇರ್. ಅದರ ಬಗ್ಗೆ ಕೊನೆಯಲ್ಲಿ ಎರಡು ಮಾತು.

ಈ ಪರೀಕ್ಷೆಗಳನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ. ಎಡಗೈ, ಬಲಗೈ ಬೇರೆ ಬೇರೆ ಬರೆದಿಡಿ. ಅತ್ತೆ ಇದನ್ನು ಚೌಕುಳಿ ಪುಸ್ತಕದಲ್ಲಿ ಕೋಷ್ಟಕ ಹಾಕಿಯೇ ಬರೆದರು. ಲೈಟರ್: ಬಲಗೈ ನೋವು, ಎಡಗೈ ಸ್ವಲ್ಪ. ಬಟ್ಟೆ: ಎರಡೂ ಪರವಾಗಿಲ್ಲ. ಬೀಗ: ಬಲಗೈ ನೋವು. ಹಿಟ್ಟು: ಆರಾಮ. "ನಾದೋಕೇನು, ನೀನು ಬಂದ್ರೆ ಹೋಳಿಗೆನೂ ಮಾಡ್ತೀನಿ" ಎಂದು ಷರಾ ಬೇರೆ.

ಈಗ ಸೈಕಲ್

ಲಿವರ್ ಒತ್ತಿದಾಗ ಮೂರು ಕಡೆ ಬಲ ತಿನ್ನುತ್ತದೆ. ಲಿವರ್ ಒಳಗಿನ ಯಂತ್ರ, ಕೇಬಲ್, ಮತ್ತೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್. ಯಾವುದು ತಿನ್ನುತ್ತಿದೆ ಎಂದು ತಿಳಿಯಲು ಒಂದೊಂದಾಗಿ ಬಿಡಿಸಬೇಕು. ಇದಕ್ಕೆ ಟೂಲ್ ಬೇಡದ ಒಂದು ಉಪಾಯ ಇದೆ.

ಹಿಂದಿನ ಚಕ್ರ ಎತ್ತಿ ಹಿಡಿಯಿರಿ. ಪೆಡಲ್ ತಿರುಗಿಸುತ್ತಾ ಚೈನನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ತನ್ನಿ. ಚಕ್ರ ನಿಲ್ಲಿಸಿ. ಈಗ ಪೆಡಲ್ ತಿರುಗಿಸದೆ, ಲಿವರ್ ಅನ್ನು ಅತಿ ಸಣ್ಣ ಹಲ್ಲುಚಕ್ರದ ಗೇರಿಗೆ ಇಳಿಸಿಬಿಡಿ. ಚೈನ್ ಮೇಲೆಯೇ ಉಳಿಯುತ್ತದೆ, ಕೇಬಲ್ ಮಾತ್ರ ಸಡಿಲವಾಗುತ್ತದೆ. ಫ್ರೇಮಿನ ಸೀಳಿರುವ ಕೊಂಡಿಗಳಿಂದ ಕೇಬಲಿನ ಔಟರ್ ಅನ್ನು, ಅಂದರೆ ಹೊರಗಿನ ಕೊಳವೆಯನ್ನು, ಆರಾಮಾಗಿ ಹೊರಗೆ ತೆಗೆಯಬಹುದು. ಕೊಂಡಿಗೆ ಸೀಳಿಲ್ಲದಿದ್ದರೆ ಡಿರೇಲರ್ ಹತ್ತಿರ ಕೇಬಲ್ ಹಿಡಿದಿರುವ ಬೋಲ್ಟ್ ಸಡಿಲಿಸಬೇಕು. ಸಾಮಾನ್ಯವಾಗಿ ಅದು 5 ಮಿ.ಮೀ. ಅಲೆನ್ ಕೀ ಬೋಲ್ಟ್.

ಕೇಬಲ್ ಸಡಿಲ ಇರುವಾಗ, ಒಂದು ಕೈಯಲ್ಲಿ ಕೇಬಲನ್ನು ಮೆಲ್ಲಗೆ ಎಳೆದು ಹಿಡಿದು ಲಿವರ್ ಒತ್ತಿ. ಈಗಲೂ ಬಿಗಿ ಇದ್ದರೆ, ಅಥವಾ ಕ್ಲಿಕ್ ಹಿಡಿಯದೆ ಜಾರಿದರೆ, ಲಿವರ್ ಒಳಗಿನ ಹಳೇ ಗ್ರೀಸ್ ಗಟ್ಟಿಯಾಗಿದೆ. ಏಳೆಂಟು ವರ್ಷದ ಶಿಫ್ಟರ್‌ಗಳಲ್ಲಿ ಇದು ಮಾಮೂಲು. ಡಬ್ಲ್ಯುಡಿ-40 ಒಳಗೆ ಸಿಂಪಡಿಸಿ, ಐವತ್ತು ಸಲ ಕ್ಲಿಕ್ ಮಾಡಿ, ಕೊಳೆ ಇಳಿಯಲು ಬಿಡಿ, ಮತ್ತೆ ಸಿಂಪಡಿಸಿ. ಕೊನೆಗೆ ಎರಡು ಹನಿ ತೆಳು ಎಣ್ಣೆ. ಕವಚ ಪೂರ್ತಿ ಬಿಚ್ಚಲು ಹೋಗಬೇಡಿ. ಒಳಗಿನ ಸಣ್ಣ ಸ್ಪ್ರಿಂಗ್ ಒಮ್ಮೆ ಹಾರಿದರೆ ಮಂಚದ ಕೆಳಗೆ ಹುಡುಕಬೇಕಾಗುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಲಿವರ್ ಸಲೀಸಾಗಿದ್ದರೆ, ಔಟರ್ ಒಳಗೆ ಇನ್ನರ್ ಅನ್ನು, ಅಂದರೆ ಒಳಗಿನ ತಂತಿಯನ್ನು, ಹಿಂದೆ ಮುಂದೆ ಎಳೆದು ನೋಡಿ. ಎರಡು ಬೆರಳಲ್ಲಿ ಹಿಡಿದು ಎಳೆದರೆ ರೇಷ್ಮೆ ದಾರದಂತೆ ಜಾರಬೇಕು. ಮರಳು ಸಿಕ್ಕಂತೆ ಕರಕರ ಅನ್ನಿಸಿದರೆ, ಅಂಟಿದಂತೆ ಎಳೆದರೆ, ಕಳ್ಳ ಸಿಕ್ಕಿದ ಹಾಗೆ.

ಕೊನೆಗೆ ಪೆಡಲ್ ತಿರುಗಿಸಿ ಚೈನನ್ನು ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಡಿರೇಲರನ್ನೇ ಕೈಯಲ್ಲಿ ಒಳಕ್ಕೆ ತಳ್ಳಿ ಬಿಡಿ. ಸ್ಪ್ರಿಂಗ್ ಅದನ್ನು ಚಟಕ್ಕನೆ ಹೊರಕ್ಕೆ ತರಬೇಕು. ನಿಧಾನವಾಗಿ ಬಂದರೆ ಕೀಲುಗಳಲ್ಲಿ ಮಣ್ಣಿದೆ. ಹಳೇ ಟೂತ್‌ಬ್ರಷ್, ಸೋಪಿನ ನೀರು, ಒಣಗಿದ ಮೇಲೆ ಒಂದೊಂದು ಹನಿ ಎಣ್ಣೆ. ಸೈಕಲ್ ಯಾವಾಗಲಾದರೂ ಬಲಗಡೆಗೆ ಬಿದ್ದಿದ್ದರೆ ಹಿಂದಿನಿಂದ ಕೂತು ನೋಡಿ. ಡಿರೇಲರ್ ಹಲ್ಲುಚಕ್ರಕ್ಕೆ ಸಮಾನಾಂತರವಾಗಿ ನೇತಾಡಬೇಕು. ಒಳಕ್ಕೆ ವಾಲಿದ್ದರೆ, ಅದನ್ನು ಫ್ರೇಮಿಗೆ ಹಿಡಿದಿರುವ ಕಿವಿಯಂಥ ಲೋಹದ ತುಂಡು ಬಾಗಿದೆ. ಅದನ್ನು ನೇರ ಮಾಡುವ ಅಳತೆ ಟೂಲ್ ಇರುವ ಅಂಗಡಿಯಲ್ಲೇ ಮಾಡಿಸಿ.

ಬಲವನ್ನು ಅಳೆಯಬೇಕು ಅನ್ನಿಸಿದರೆ, ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಲಿವರ್ ತುದಿಗೆ ದಾರ ಕಟ್ಟಿ, ಕೊಕ್ಕೆ ಸಿಕ್ಕಿಸಿ, ಗೇರ್ ಬೀಳುವವರೆಗೆ ಎಳೆಯಿರಿ. ಬರುವ ಅಂಕಿ ಸೈಕಲ್ಲಿಂದ ಸೈಕಲ್ಲಿಗೆ ಬೇರೆ. ಅದಕ್ಕೆ ಅಷ್ಟು ಬೆಲೆ ಇಲ್ಲ. ಆದರೆ ಅದೇ ಸೈಕಲ್ಲಿನ ಮೊದಲಿನ ಅಂಕಿ, ಆಮೇಲಿನ ಅಂಕಿ ಪಕ್ಕಪಕ್ಕ ಇದ್ದರೆ "ಈಗ ಹಗುರ ಆಯ್ತು ಅನ್ಸುತ್ತೆ" ಎಂಬ ಸಮಾಧಾನಕ್ಕಿಂತ ಗಟ್ಟಿ ಸಾಕ್ಷಿ.

ಲಕ್ಷಣ ನೋಡಿ ಊಹಿಸುವುದೂ ಉಂಟು. ದೊಡ್ಡ ಹಲ್ಲುಚಕ್ರಕ್ಕೆ ಏರಿಸುವುದು ಕಷ್ಟ, ಜೊತೆಗೆ ಸಣ್ಣದಕ್ಕೆ ಇಳಿಯುವುದೂ ತಡ ಎಂದರೆ, ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಇಳಿಸುವುದು ಸ್ಪ್ರಿಂಗಿನ ಕೆಲಸ, ಕೈಯದಲ್ಲ. ಸ್ಪ್ರಿಂಗಿಗೂ ಕಷ್ಟವಾಗುತ್ತಿದೆ ಎಂದರೆ ದಾರಿಯಲ್ಲಿ ಏನೋ ಹಿಡಿಯುತ್ತಿದೆ. ಕೊನೆಯ ಅತಿ ದೊಡ್ಡ ಹಲ್ಲುಚಕ್ರಕ್ಕೆ ಮಾತ್ರ ಗೋಡೆಗೆ ಒತ್ತಿದಂತೆ ಆಗುತ್ತಿದ್ದರೆ ಡಿರೇಲರಿನ 'ಎಲ್' ಎಂದು ಬರೆದಿರುವ ಸ್ಕ್ರೂ ಜಾಸ್ತಿ ಒಳಗೆ ಹೋಗಿದೆ. ಕಾಲು ಸುತ್ತು ಹೊರಕ್ಕೆ ತಿರುಗಿಸಿ ನೋಡಿ. ಜಾಸ್ತಿ ಬಿಚ್ಚಿದರೆ ಚೈನ್ ಚಕ್ರದ ಕಡ್ಡಿಗಳಿಗೆ ಬೀಳುತ್ತದೆ, ಅದು ಅಪಾಯ. ಒಂದು ಕ್ಲಿಕ್ ಸಾಲದೆ ಲಿವರ್ ಅನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿಯಬೇಕಾಗುತ್ತಿದ್ದರೆ ಕೇಬಲ್ ಸಡಿಲ. ಡಿರೇಲರ್ ಹಿಂದೆ ಕೇಬಲ್ ಒಳಹೋಗುವ ಕಡೆ ಕೈಯಲ್ಲೇ ತಿರುಗಿಸುವ ತಿರುಪು ಇರುತ್ತದೆ. ಅದನ್ನು ಬಿಚ್ಚುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಈ 'ಒತ್ತಿ ಹಿಡಿಯುವುದು' ಒಳ್ಳೆ ಕೈಯವರಿಗೆ ಗಮನಕ್ಕೇ ಬರುವುದಿಲ್ಲ. ಕೀಲು ನೋವಿನವರಿಗೆ ಅದೇ ದಿನದ ಅತಿ ಕೆಟ್ಟ ಕ್ಷಣ.

ಅತ್ತೆಯ ಸೈಕಲ್ಲಿನಲ್ಲಿ ಸಿಕ್ಕಿದ್ದು

ಲಿವರ್ ಸರಿ ಇತ್ತು. ಡಿರೇಲರ್ ಸರಿ ಇತ್ತು. ಕೇಬಲ್ ಅಂಟುತ್ತಿತ್ತು. ಇನ್ನರ್ ಎಳೆದು ಹೊರತೆಗೆದರೆ ಬೆಳ್ಳಗೆ ಮೇಣದ ಹಾಗೆ ಏನೋ ಮೆತ್ತಿಕೊಂಡಿತ್ತು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ!

"ಅತ್ತೆ, ಕೇಬಲ್‌ಗೆ ಏನಾದ್ರೂ ಹಾಕಿದ್ರಾ?"

"ಬಿಗಿ ಅನ್ನಿಸ್ತು ಅಂತ ದೀಪಾವಳಿ ಹೊತ್ತಿಗೆ ಒಂದೊಂದು ಹನಿ ಬಿಟ್ಟೆ ಕಣೋ. ಬಾಗಿಲ ಕೀಲಿಗೂ ಅದೇ ಬಿಡ್ತೀವಲ್ಲ."

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ಸಾಕಷ್ಟು ತಣ್ಣಗೆ. ಸ್ನಾನದ ಮನೆ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟುವ ಹೊತ್ತಿಗೆ ಸರಿಯಾಗಿ ಕೇಬಲ್ ಒಳಗೂ ಹೆಪ್ಪುಗಟ್ಟುತ್ತಿತ್ತು. ಬಿಸಿಲೇರಿದಂತೆ ಕರಗುತ್ತಿತ್ತು. ಅತ್ತೆಯ ಕೀಲೂ ಅದೇ ವೇಳಾಪಟ್ಟಿ ಹಿಡಿದಿತ್ತು. ಎರಡು ದೋಷ ಒಂದೇ ಗಡಿಯಾರಕ್ಕೆ ನಡೆಯುತ್ತಿದ್ದರೆ ಒಂದೇ ದೋಷ ಅನ್ನಿಸುವುದು ಸಹಜ. ಅದಕ್ಕೇ ಬೇರೆ ಕೈಯಿಂದ, ಅದೇ ಹೊತ್ತಿಗೆ ಒತ್ತಿ ನೋಡುವ ಪರೀಕ್ಷೆಯನ್ನು ಬಿಡಬೇಡಿ ಎನ್ನುವುದು.

ಅಷ್ಟರಲ್ಲೇ ಮುಗಿಯಲಿಲ್ಲ. ದೀಪಾವಳಿ ಹೊತ್ತಿಗೆ ಬಿಗಿ ಅನ್ನಿಸಿದ್ದೇಕೆ? ಆಗಿನ್ನೂ ಚಳಿ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ಹ್ಯಾಂಡಲ್ ಮುಂದೆ ನೋಡಿದರೆ ತರಕಾರಿ ಬುಟ್ಟಿ. ದಸರಾ ಮುಗಿದ ಮೇಲೆ ಹಾಕಿಸಿದ್ದಂತೆ. ಬುಟ್ಟಿಯ ಹಿಂಬದಿ ಕಂಬಿ ಗೇರ್ ಕೇಬಲ್ಲುಗಳನ್ನು ಹ್ಯಾಂಡಲ್‌ಗೆ ಒತ್ತಿ ಮಡಚಿತ್ತು. ಜೊತೆಗೆ ಬುಟ್ಟಿ ಹಾಕುವಾಗ ಕೇಬಲ್ ಸಾಲದೆ ಬಂದಿರಬೇಕು, ಬಲಗಡೆ ಗೇರಿಗೆ ಬ್ರೇಕಿನ ಔಟರ್ ಹಾಕಿದ್ದರು. ನೋಡಲು ಒಂದೇ ತರ. ಬ್ರೇಕಿನದು 5 ಮಿ.ಮೀ. ದಪ್ಪ, ಒಳಗೆ ತಂತಿ ಸುರುಳಿ ಸುತ್ತಿರುತ್ತದೆ. ಗೇರಿನದು ಸಾಮಾನ್ಯವಾಗಿ 4 ಮಿ.ಮೀ., ಒಳಗೆ ತಂತಿಗಳು ಉದ್ದಕ್ಕೆ ಸಾಲಾಗಿರುತ್ತವೆ. ಸುರುಳಿಯದು ಎಳೆದಾಗ ಸ್ವಲ್ಪ ಕುಗ್ಗುತ್ತದೆ. ನೀವು ಒತ್ತಿದ್ದರಲ್ಲಿ ಒಂದು ಪಾಲು ಕೇಬಲ್ಲನ್ನು ಹಿಸುಕುವುದಕ್ಕೇ ಖರ್ಚು. ಗೇರ್ ಬೀಳಲು ಇನ್ನೂ ಒತ್ತಿ ಹಿಡಿಯಬೇಕು.

ಇದನ್ನು ತಿರುವುಮುರುವು ಮಾತ್ರ ಎಂದೂ ಮಾಡಬೇಡಿ. ಗೇರಿನ ಔಟರ್ ಬ್ರೇಕಿಗೆ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಒಡೆದುಹೋಗಬಹುದು.

ಕೇಬಲ್ ಹಾಕುವ ಬಗೆ

ಇನ್ನರ್ 1.2 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನದು ಕೇಳಿ. ಔಟರ್ 4 ಮಿ.ಮೀ. ಗೇರಿನದೇ, ಒಳಗೆ ಪ್ಲಾಸ್ಟಿಕ್ ಕೊಳವೆ ಇರುವಂಥದ್ದು. ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಎಳೆಯದಷ್ಟು ಉದ್ದ, ಸಡಿಲವಾಗಿ ಬಳುಕದಷ್ಟು ಚಿಕ್ಕದು. ಎಲ್ಲೂ ಮಡಿಕೆ ಬೇಡ, ದೊಡ್ಡ ತಿರುವು ಇರಲಿ. ಡಿರೇಲರ್ ಹತ್ತಿರದ ತುಂಡು ತುಂಬಾ ಚಿಕ್ಕದಾಗಿದ್ದರೆ ಅಲ್ಲೇ ಹಿಡಿಯುತ್ತದೆ.

ಔಟರ್ ಕತ್ತರಿಸುವುದಕ್ಕೆ ಕೇಬಲ್ ಕಟರ್ ಬೇಕು. ಮನೆಯ ಕಟಿಂಗ್ ಪ್ಲೇಯರ್ ತುದಿಯನ್ನು ಜಜ್ಜುತ್ತದೆ. ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿ ಮುಚ್ಚಿಕೊಂಡಿರುತ್ತದೆ. ಗೋಣಿ ಸೂಜಿ ತೂರಿಸಿ ಬಿಡಿಸಿ. ಎಷ್ಟೋ ಹೊಸ ಕೇಬಲ್ ಬಿಗಿಯಾಗಿರುವುದು ಈ ಒಂದು ಕೆಲಸ ಬಿಟ್ಟಿದ್ದಕ್ಕೆ. ತುದಿಗಳಿಗೆ ಟೊಪ್ಪಿ ಹಾಕಿ.

ಎಣ್ಣೆ? ಹೊಸದಕ್ಕೆ ಬೇಕಿಲ್ಲ. ಹಾಕಲೇಬೇಕೆಂದರೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ. ಗ್ರೀಸ್ ಬೇಡ, ಅಡುಗೆ ಎಣ್ಣೆ ಯಾವುದೂ ಬೇಡ. ಪೆಡಲ್ ಅಚ್ಚಿನ ಕೆಳಗೆ ಕೇಬಲ್ ಹಾದುಹೋಗುವ ಪ್ಲಾಸ್ಟಿಕ್ ತೋಡು ಇದೆಯೇ ನೋಡಿ. ಮಳೆಗಾಲದ ಕೆಸರೆಲ್ಲ ಅಲ್ಲೇ ಒಣಗಿ ಕೂತಿರುತ್ತದೆ. ಕೆರೆದು ತೆಗೆಯಿರಿ.

ಬುಟ್ಟಿಯನ್ನು ಹಿಂದಿನ ಕ್ಯಾರಿಯರ್‌ಗೆ ಸಾಗಿಸಿದೆವು. ಹೊಸ ಕೇಬಲ್ ಹಾಕಿ, ಮತ್ತೆ ಬೆಳಗ್ಗೆ ಆರಕ್ಕೆ ಕೊಕ್ಕೆ ತಕ್ಕಡಿ ಹಿಡಿದರೆ ಮೊದಲಿನ ಅರ್ಧಕ್ಕೂ ಕಡಿಮೆ. ಅತ್ತೆಗೆ ಗೇರ್ ಬಿತ್ತು. ಆದರೆ ಮೂರು ದಿನದ ಮೇಲೆ ಚೌಕುಳಿ ಪುಸ್ತಕದಲ್ಲಿ ಹೀಗಿತ್ತು: "ಬಿಗಿ ಇಲ್ಲ. ನೋವು ಇದೆ, ಕಡಿಮೆ."

ಈಗ ಉಳಿದದ್ದು ನಿಜವಾಗಿ ಕೈಯದ್ದು.

ಎಡಗಡೆ ಲಿವರ್ ಬೇಕೇ ಬೇಕಾ?

ಹೊಸ ಶಿಫ್ಟರ್ ಆರಿಸುವ ಮುಂಚೆ ಒಂದನ್ನು ತೆಗೆದುಹಾಕುವ ಯೋಚನೆ ಮಾಡಿ. ಎಡಗೈ ಲಿವರ್ ಮುಂದಿನ ಚೈನ್‌ವೀಲ್ ಬದಲಿಸುತ್ತದೆ. ಬಹುಪಾಲು ಸೈಕಲ್‌ಗಳಲ್ಲಿ ಅದು ಬಲಗಡೆಯದಕ್ಕಿಂತ ಗಟ್ಟಿ. ಅಲ್ಲಿ ಸ್ಪ್ರಿಂಗ್ ಗಟ್ಟಿ, ಚೈನ್ ಹತ್ತಬೇಕಾದ ಎತ್ತರವೂ ಜಾಸ್ತಿ.

ಅತ್ತೆಯ ಲೆಕ್ಕ ಹೀಗೆ. ಮುಂದೆ 48, 38, 28 ಹಲ್ಲು. ಹಿಂದೆ 14ರಿಂದ 28. ಅತಿ ಹಗುರ ಗೇರ್ 28ಕ್ಕೆ 28, ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು. ನಡುವಿನ 38 ಮಾತ್ರ ಉಳಿಸಿ, ಹಿಂದೆ 14ರಿಂದ 34ರ ಏಳು ಗೇರಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿದರೆ 38 ಭಾಗಿಸು 34, ಅಂದರೆ 1.12. ಕಳೆದುಕೊಂಡದ್ದು ಅತ್ಯಲ್ಪ. ಮೇಲಿನ ಕೊನೆಯಲ್ಲಿ 3.43 ಇದ್ದದ್ದು 2.71 ಆಗುತ್ತದೆ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದು ಬಿಟ್ಟು ಕೂರಬೇಕು, ಅಷ್ಟೇ. ಚಾಮುಂಡಿ ಬೆಟ್ಟ ಹತ್ತುವವರಿಗೆ 28ರ ಸಣ್ಣ ಚಕ್ರ ಬೇಕಾಗಬಹುದು. ಅತ್ತೆ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ.

ಚೈನ್ ಉದ್ದದ ಚಿಂತೆ ಬೇಡ. ಮೊದಲು 48 ಮತ್ತು 28ಕ್ಕೆ ಸಾಕಾಗುವ ಚೈನ್, ಈಗ 38 ಮತ್ತು 34ಕ್ಕೆ ಸಾಲದೆ ಇರುತ್ತದೆಯೇ? 76ಕ್ಕೆ ಹೊಂದಿದ್ದು 72ಕ್ಕೆ ಹೊಂದುತ್ತದೆ. ಆದರೆ ನಿಮ್ಮ ಡಿರೇಲರ್ 34 ಹಲ್ಲು ತಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಫ್ರೀವೀಲ್ ಬಿಚ್ಚಲು ಅದರದ್ದೇ ಟೂಲ್ ಬೇಕು, ಈ ಕೆಲಸ ಅಂಗಡಿಗೆ ಬಿಡಿ.

ಎಡಗಡೆ ಲಿವರ್, ಕೇಬಲ್ ತೆಗೆದುಬಿಡಿ. ಮುಂದಿನ ಡಿರೇಲರ್ ಮಾತ್ರ ಹಾಗೇ ಇರಲಿ. ಅದರ ಒಳಮಿತಿ ಸ್ಕ್ರೂ ಅನ್ನು ಒಳಕ್ಕೆ ತಿರುಗಿಸುತ್ತಾ ಹೋದರೆ ಚೈನ್ ಹಾದುಹೋಗುವ ಅದರ ಪಂಜರ ನಡುವಿನ ಚೈನ್‌ವೀಲ್ ಮೇಲೆ ಬಂದು ನಿಲ್ಲುತ್ತದೆ. ಸ್ಕ್ರೂ ಉದ್ದ ಸಾಲದಿದ್ದರೆ ಕೇಬಲಿನ ಒಂದು ಗಿಡ್ಡ ತುಂಡಿನಿಂದ ಎಳೆದು ಕಟ್ಟಬಹುದು. ಚೈನ್ ಆಚೀಚೆ ಬೀಳದಂತೆ ಕಾಯುವ ಕೆಲಸಕ್ಕೆ ಅದು ಸಾಕು. ಖರ್ಚಿಲ್ಲ.

ಬಲಗಡೆಗೆ ಏನು?

ಅತ್ತೆಯ ಕೋಷ್ಟಕ ನೋಡಿದರೆ ಲೈಟರ್ ನೋವು, ಬಟ್ಟೆ ಹಿಂಡುವುದು ಆರಾಮ. ಹಾಗಾಗಿ ಟ್ವಿಸ್ಟ್. ಹೆಬ್ಬೆರಳು ಅಲುಗದಂತೆ ಹಿಡಿಯುವ ಸ್ಪ್ಲಿಂಟ್ ಕಟ್ಟಿಕೊಂಡರೂ ನಾಲ್ಕು ಬೆರಳು, ಅಂಗೈ ಸೇರಿ ತಿರುಗಿಸಬಹುದು. ಒತ್ತು ಲಿವರಿನಲ್ಲಿ ಸ್ಪ್ಲಿಂಟ್ ಹಾಕಿದರೆ ಆಟವೇ ಮುಗಿಯಿತು.

ಕೊಳ್ಳುವಾಗ ಎರಡು ನೋಡಿ. ಹಿಂದೆ ಏಳು ಗೇರ್ ಇದ್ದರೆ ಏಳರದ್ದೇ ಬೇಕು. ಡಿರೇಲರ್ ಶಿಮಾನೋ ಕಂಪನಿಯದಾದರೆ ಶಿಮಾನೋ ಎಳೆತಕ್ಕೆ, ಅಂದರೆ ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯುತ್ತದೆ ಎಂಬ ಅಳತೆಗೆ, ಹೊಂದುವ ಶಿಫ್ಟರ್ ಬೇಕು. ಸ್ರ್ಯಾಮ್ ಕಂಪನಿಯಲ್ಲಿ ಎರಡು ಬಗೆಯೂ ಇವೆ, ಪೊಟ್ಟಣ ಓದಿ ತೆಗೆದುಕೊಳ್ಳಿ. ಲಿವರ್ ಮತ್ತು ಬ್ರೇಕ್ ಒಂದೇ ತುಂಡಾಗಿರುವ ಸೈಕಲ್ಲಾದರೆ ಬೇರೆ ಬ್ರೇಕ್ ಲಿವರೂ ಬೇಕಾಗುತ್ತದೆ.

ಟ್ವಿಸ್ಟ್ ಹಾಕಿದರೆ ಹೊರಗಡೆಯಿಂದ ಗಿಡ್ಡ ಗ್ರಿಪ್, ಶಿಫ್ಟರ್, ಆಮೇಲೆ ಬ್ರೇಕ್ ಎಂಬ ಸಾಲು ಬರುತ್ತದೆ. ಬ್ರೇಕ್ ಲಿವರ್ ಒಳಕ್ಕೆ ಸರಿಯುತ್ತದೆ. ಕೈ ಇಟ್ಟಲ್ಲಿಂದಲೇ ಎರಡು ಬೆರಳು ಅದರ ತುದಿಗೆ ಸಿಗಬೇಕು. ಸಿಗದಿದ್ದರೆ ಬ್ರೇಕ್ ಲಿವರಿನ ಸಣ್ಣ ಸ್ಕ್ರೂ ತಿರುಗಿಸಿ ಹ್ಯಾಂಡಲ್ ಹತ್ತಿರ ತನ್ನಿ. ಗೇರ್ ಹಗುರವಾಗಿ ಬ್ರೇಕ್ ದೂರವಾದರೆ ಲಾಭ ಏನು ಬಂತು?

ತಿರುಗುವ ಭಾಗ ತೆಳ್ಳಗಿದ್ದರೆ ಮುಷ್ಟಿ ಜಾಸ್ತಿ ಬಿಗಿಯಬೇಕಾಗುತ್ತದೆ. ಹಳೇ ಸೈಕಲ್ ಟ್ಯೂಬಿನ ತುಂಡು ಏರಿಸಿ, ಅಥವಾ ಬ್ಯಾಡ್ಮಿಂಟನ್ ಬ್ಯಾಟಿನ ಗ್ರಿಪ್ ಸುತ್ತಿ. ದಪ್ಪ ಆದಷ್ಟು ತಿರುಗಿಸುವುದು ಹಗುರ. ತಿರುಗದ ಭಾಗಕ್ಕೂ ಸೇರಿಸಿ ಸುತ್ತಬೇಡಿ. ನಾನು ಮೊದಲ ಸಲ ಹಾಗೇ ಸುತ್ತಿ ಗೇರ್ ಇನ್ನೂ ಬಿಗಿ ಮಾಡಿದ್ದೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ತಂದೆಗೆ ಇದೇ ಟ್ವಿಸ್ಟ್ ಆಗಿಬರಲಿಲ್ಲ. ಅವರದ್ದು ಆಮವಾತ. ಗೆಣ್ಣು, ಮಣಿಕಟ್ಟು ಎರಡೂ ಹಿಡಿದಿದ್ದವು. ಬಟ್ಟೆ ಹಿಂಡುವ ಪರೀಕ್ಷೆಯಲ್ಲೇ ಸೋತರು. ಅವರಿಗೆ ಹ್ಯಾಂಡಲ್ ಮೇಲೆ ಕೂರುವ ಉದ್ದ ಲಿವರ್ ಹಾಕಿದೆವು, ಕ್ಲಿಕ್ ಇಲ್ಲದ ಫ್ರಿಕ್ಷನ್ ಬಗೆಯದು. ಅಂಗೈ ಅಂಚಿನಿಂದ ನೂಕಿದರೆ ಸಾಕು. ಗೇರ್ ಎಷ್ಟು ಎಂಬ ಲೆಕ್ಕವೂ ಇಲ್ಲ, ಎಳೆತದ ಜಾತಿಯೂ ಇಲ್ಲ. ಚೈನ್ ಸದ್ದು ಕೇಳಿ ಸ್ವಲ್ಪ ಆಚೀಚೆ ಸರಿಸುವುದು ಕಲಿಯಬೇಕು. ಹಿಂದಿನವರಿಗೆ ಇದು ಗೊತ್ತಿತ್ತು. ಅವರು ಎರಡು ದಿನದಲ್ಲಿ ಕಲಿತರು. ಮಗನಿಗೆ ಇನ್ನೂ ಬರುವುದಿಲ್ಲ.

ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಗೇರ್ ಇರುವ ಸೈಕಲ್ ಸಿಕ್ಕರೆ ಬಿಡಬೇಡಿ. ಶಿಮಾನೋ ನೆಕ್ಸಸ್, ಸ್ಟರ್ಮಿ ಆರ್ಚರ್ ಅಂಥವು. ನಿಂತಾಗಲೂ ಗೇರ್ ಬದಲಿಸಬಹುದು. ಸಿಗ್ನಲ್ಲಿನಲ್ಲಿ ನಿಂತು, ಎರಡೂ ಕೈ ಸೇರಿಸಿ, ಆರಾಮಾಗಿ. ಮೂರು ಗೇರಿನದೇ ಊರೊಳಗೆ ಸಾಕು. ಎಲೆಕ್ಟ್ರಾನಿಕ್ ಗೇರ್‌ಗಳಲ್ಲಿ ಗುಂಡಿ ಮುಟ್ಟಿದರೆ ಮೋಟಾರ್ ಎಳೆಯುತ್ತದೆ. ಶಿಮಾನೋ ಡಿಐ2 2009ರಲ್ಲೇ ಬಂತು. ಸ್ರ್ಯಾಮ್‌ನದು ತಂತಿಯೇ ಇಲ್ಲದೆ ನಡೆಯುತ್ತದೆ. ಕೈಗೆ ಇದಕ್ಕಿಂತ ಹಗುರ ಬೇರೊಂದಿಲ್ಲ. ಅತ್ತೆಯ ಸೈಕಲ್ಲಿಗೆ ಹಾಕಿದರೆ ಸೈಕಲ್ಲಿಗಿಂತ ಗೇರೇ ದುಬಾರಿ, ಅದಕ್ಕೇ ಮುಂದುವರಿಯಲಿಲ್ಲ.

ಎರಡು ವಾರದ ನಂತರ

ಹೊಸ ಕೇಬಲ್ ಮೊದಲ ಎರಡು ವಾರದಲ್ಲಿ ಕೂತುಕೊಳ್ಳುತ್ತದೆ, ಸ್ವಲ್ಪ ಸಡಿಲವಾಗುತ್ತದೆ. ದೊಡ್ಡ ಹಲ್ಲುಚಕ್ರಕ್ಕೆ ಏರುವುದು ತಡವಾದರೆ ಡಿರೇಲರ್ ಹಿಂದಿನ ತಿರುಪನ್ನು ಬಿಚ್ಚುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಬೇಕು. ಇಲ್ಲಿ ಒಂದು ಎಡವಟ್ಟು. ಆ ತಿರುಪು ಕಡಲೆಕಾಳಿನಷ್ಟು. ಎರಡು ಬೆರಳಲ್ಲಿ ಚಿವುಟಿ ತಿರುಗಿಸಬೇಕು. ಬೀಗದ ಪರೀಕ್ಷೆಯಲ್ಲಿ ಸೋತ ಕೈಗೆ ಅದು ಆಗದ ಕೆಲಸ.

ಅತ್ತೆ ಅದಕ್ಕೆ ನನಗೆ ಫೋನ್ ಮಾಡಲಿಲ್ಲ. ತಿಂಗಳಾದ ಮೇಲೆ ಹೋದಾಗ ನೋಡಿದೆ. ತಿರುಪಿನ ಸುತ್ತ ಹಾಲಿನ ಪ್ಯಾಕೆಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹತ್ತಾರು ಸುತ್ತು ಸುತ್ತಿ ನಿಂಬೆಕಾಯಿ ಗಾತ್ರ ಮಾಡಿದ್ದರು. ಅಂಗೈಯಿಂದ ಉಜ್ಜಿದರೆ ತಿರುಗುತ್ತದೆ. ಎಷ್ಟು ತಿರುಗಿತು ಎಂದು ತಿಳಿಯಲು ಒಂದು ಕಡೆ ಉಗುರುಬಣ್ಣದ ಚುಕ್ಕೆ ಇತ್ತು.